ಕೈಯೆತ್ತಿ ಕೂರಿಸಿದ ಗುರಿ

ನಮ್ಮ ಕಣಿವೆಯ ಗಂಡಸರು ಹೆಂಡತಿ ಕೈಕೊಟ್ಟಳೆಂದರೆ ನಂಬುತ್ತಾರೆ, ಬ್ಯಾಂಕು ಕೈಕೊಟ್ಟಿತೆಂದರೂ ನಂಬುತ್ತಾರೆ. ಬಂದೂಕಿನ ಮೇಲೆ ಕೂತ, ಗುರಿ ನೋಡುವ ದುರ್ಬೀನು, ಅದೇ ಸ್ಕೋಪ್, ಕೈಕೊಟ್ಟಿತೆಂದರೆ ಮಾತ್ರ ಜಗಳಕ್ಕೇ ಬರುತ್ತಾರೆ. ಗುಂಡು ಗುರಿ ಬಿಟ್ಟು ಎಲ್ಲೋ ಬಿತ್ತೆಂದರೆ ಅದು ಗಾಳಿಯ ತಪ್ಪು, ತೋಟಾದ ತಪ್ಪು, ಕಣ್ಣಿಗೆ ಹೊಡೆದ ಬಿಸಿಲಿನ ತಪ್ಪು, ಕತ್ತು ಕಚ್ಚಿದ ನೊಣದ ತಪ್ಪು. ಇದ್ಯಾವುದೂ ಹೊಂದದಿದ್ದರೆ ಕೊನೆಗೆ "ನನ್ನ ಕೈಯೇ ಅಲುಗಿತು" ಎಂದು ದೊಡ್ಡ ಮನಸ್ಸು ಮಾಡಿ ಒಪ್ಪಿಕೊಳ್ಳುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರದು ತಿರುಗುಮುರುಗು. ನೆಲ ನಿಜವಾಗಿಯೇ ಡೊಂಕಾಗಿರುತ್ತದೆ, ಇವರು ತಮ್ಮ ಕಾಲನ್ನು ಬೈದುಕೊಳ್ಳುತ್ತಾರೆ. ಯಾಕೆಂದರೆ ಕಾಲು ಪುಕ್ಕಟೆ ಬಂದದ್ದು, ನೆಲಕ್ಕೆ ದುಡ್ಡು ಕೊಟ್ಟಿದ್ದಾರೆ.

ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ಇವರ ಕೈ ಅಲುಗಿದಾಗಲೆಲ್ಲ ಕಾಲು ನೋಯುವುದು ನನ್ನದು. ನನ್ನ ಹೆಸರು ಐಲ್ಸಾ. ತುಆತಾಪೆರೆ ಊರಿನಿಂದ ಮೇಲಕ್ಕೆ, ಬೀಚ್ ಮರಗಳ ಕಾಡು ಶುರುವಾಗುವ ಕಡೆ ನನ್ನ ಮನೆ. ನನ್ನ ಹತ್ತಿರ ಟುಯಿ ಎಂಬ ಬೇಟೆನಾಯಿ ಇದೆ. ಗಾಯಗೊಂಡ ಸಾರಂಗ ಯಾವ ಪೊದೆಯಲ್ಲಿ ಬಿದ್ದಿದ್ದರೂ ಅದರ ಜಾಡು ಮೂಸಿ ಹುಡುಕಿಕೊಡುವ ನಾಯಿ ಈ ಕಣಿವೆಯಲ್ಲಿ ಅದೊಂದೇ. ಏಪ್ರಿಲ್ ಬಂತು, ಗಂಡು ಸಾರಂಗಗಳು ಹೆಣ್ಣಿಗಾಗಿ ಕೂಗತೊಡಗಿದವು ಎಂದರೆ ಗಂಡಸರೆಲ್ಲ ಬಂದೂಕು ಹೆಗಲಿಗೇರಿಸಿ ಕಾಡಿಗೆ ಹೋಗುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ನನ್ನ ಬಾಗಿಲಿಗೆ ಬರುತ್ತಾರೆ. "ಐಲ್ಸಾ, ಒಂಚೂರು ನಾಯಿ ತರ್ತೀಯಾ?" ಪಕ್ಕದ ಮನೆಯಲ್ಲಿ ಸಕ್ಕರೆ ಕೇಳಿದ ಹಾಗೆ.

ಹೋದ ವರ್ಷ ಒಂದು ಸಾರಂಗವನ್ನು ಹುಡುಕಲು ಟುಯಿ ಬೇಕಾಗಿರಲಿಲ್ಲ. ನನ್ನ ಮೂಗಿಗೇ ಸಿಕ್ಕಿತು. ಹೊಟ್ಟೆಗೆ ಗುಂಡು ಬಿದ್ದು ದಿನಗಟ್ಟಲೆ ಅಲೆದು ಹಳ್ಳದ ಪಕ್ಕ ಸತ್ತಿತ್ತು. ಹೊಡೆದವನು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಕೊಂಬು ಕೊಯ್ದುಕೊಂಡ, "ಛೆ, ಮಾಂಸ ಹಾಳಾಯ್ತು" ಎಂದ. ಚಳಿಗಾಲದಲ್ಲಿ ಆ ಕೊಂಬನ್ನು ಗೋಡೆಗೆ ಹಾಕಿ ನನಗೆ ಫೋಟೋ ಕಳಿಸಿದ. ನಾನು ಆ ಫೋಟೋ ನೋಡಿಯೇ ತೀರ್ಮಾನಿಸಿದ್ದು.

ನಮ್ಮ ಬೇಟೆಗಾರರ ಸಂಘದ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಹೇಳಿದೆ: ಈ ಸಲದಿಂದ ನನ್ನ ನಾಯಿ ಬೇಕೆಂದರೆ ನಿಮ್ಮ ಬಂದೂಕು ಬೀಳಿಸುವ ಪರೀಕ್ಷೆ ಪಾಸಾಗಬೇಕು. ಸ್ಕೋಪಿನೊಳಗಿನ ಗೆರೆ ಎಲ್ಲಿ ಕೂರುತ್ತದೋ ಗುಂಡು ಅಲ್ಲೇ ಹೋಗುವ ಹಾಗೆ ಎಲ್ಲರೂ ಗುರಿ ಕೂರಿಸಿಕೊಂಡು ಬರುತ್ತಾರೆ, ಸರಿ. ಆದರೆ ಕಾಡಿನಲ್ಲಿ ಬಂದೂಕು ತೊಟ್ಟಿಲಲ್ಲಿ ಮಲಗಿರುವುದಿಲ್ಲ. ಬೈಕಿನ ಮೇಲೆ ಕುಲುಕುತ್ತದೆ, ದೋಣಿಯೊಳಗೆ ಉರುಳುತ್ತದೆ, ಒಡೆಯನ ಜತೆ ತಾನೂ ಜಾರಿ ಬೀಳುತ್ತದೆ. ಹಾಗಾಗಿ ಮೊದಲು ಮೂರು ಗುಂಡು. ಆಮೇಲೆ ಖಾಲಿ ಬಂದೂಕನ್ನು ಸೊಂಟದೆತ್ತರದಿಂದ ರಬ್ಬರ್ ಚಾಪೆಯ ಮೇಲೆ ಎಡಮಗ್ಗುಲಿಗೊಮ್ಮೆ, ಬಲಮಗ್ಗುಲಿಗೊಮ್ಮೆ, ಸ್ಕೋಪ್ ಕೆಳಗಾಗಿ ಒಮ್ಮೆ ಬೀಳಿಸುವುದು. ಸ್ಕೋಪನ್ನು ಮುಟ್ಟದೆ ಮತ್ತೆ ಮೂರು ಗುಂಡು. ಅವು ಮೊದಲಿನ ಜಾಗಕ್ಕೇ ಬಿದ್ದರೆ ಪಾಸು.

ಸಭೆಯಲ್ಲಿ ಗುಸುಗುಸು ಎದ್ದಿತು. ನಾಯಿ ಇಲ್ಲದೆ ಇವರಿಗೆ ಗತಿಯಿಲ್ಲವಲ್ಲ, ಬಾಯಿಬಿಟ್ಟು ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಸಂಘದ ಅಧ್ಯಕ್ಷ ಮರ್ಡೋ ಮಾತ್ರ ಎದ್ದು ನಿಂತು, "ಐಲ್ಸಾ ಹೇಳೋದು ನ್ಯಾಯವಾಗಿದೆ" ಎಂದು ಚಪ್ಪಾಳೆ ತಟ್ಟಿದ. ಮರ್ಡೋ ಹಸುಗಳನ್ನೂ ಜಮೀನನ್ನೂ ಮಾರಿ ಈಗ ಹಾಯಾಗಿರುವ ಮನುಷ್ಯ. ಕಣಿವೆಯಲ್ಲೇ ಅತಿ ದುಬಾರಿ ಸ್ಕೋಪ್ ಅವನದು. ಪರೀಕ್ಷೆ ಎಂದರೆ ಅದಕ್ಕೊಂದು ಮೆರವಣಿಗೆ ಎಂದುಕೊಂಡಿದ್ದ. ಅದರ ಜತೆ ಬಂದ ಪುಸ್ತಿಕೆಯನ್ನು ಪಾದ್ರಿ ಬೈಬಲ್ ಓದಿದ ಹಾಗೆ ಬಾಯಿಪಾಠ ಒಪ್ಪಿಸುತ್ತಿದ್ದ.

"ಜೀವಮಾನದ ವಾರಂಟಿ ಐಲ್ಸಾ, ಜೀವಮಾನದ್ದು!"

"ಯಾರ ಜೀವಮಾನ ಮರ್ಡೋ? ಸಾರಂಗದ್ದಾ?"

ಅವನು ನಕ್ಕ. ನಾನು ತಮಾಷೆ ಮಾಡಿರಲಿಲ್ಲ.

ಬೇಟೆಯ ಕಾಲಕ್ಕೆ ಮುಂಚಿನ ಭಾನುವಾರ ಕುರಿ ಬಯಲಿನಲ್ಲಿ ಗುರಿ ಕೂರಿಸುವ ದಿನ. ನೂರು ಮೀಟರ್ ಆಚೆ ಕಾಗದ ಬಡಿದ ಚೌಕಟ್ಟುಗಳು, ಈಚೆ ಮೇಜುಗಳು, ಪಕ್ಕದಲ್ಲಿ ಕಾವಲಿಯ ಮೇಲೆ ಸಾಸೇಜ್ ಮತ್ತು ಈರುಳ್ಳಿ. ಇಕ್ಕಳ ಹಿಡಿದು ನಿಂತವನು ನೆವಿಲ್. ಮರ್ಡೋ ಸೀನಿದರೆ ಇವನಿಗೆ ನೆಗಡಿ ಬರುತ್ತದೆ, ಅಷ್ಟು ಸ್ನೇಹ. ಯಾರದೋ ಮನೆಯಿಂದ ಬೆಣ್ಣೆ ಸುರಿಯುವ ಚೀಸ್ ರೋಲುಗಳು ಬಂದಿದ್ದವು. ನಾನು ರಬ್ಬರ್ ಚಾಪೆ ಹಾಸಿಕೊಂಡು ಬೆಳಗ್ಗೆಯಿಂದ ಬಂದೂಕು ಬೀಳಿಸುತ್ತಿದ್ದೆ. ಒಂದೊಂದು ಬಂದೂಕು ಬಿದ್ದಾಗಲೂ ಅದರ ಒಡೆಯ ಹಲ್ಲು ಕೀಳಿಸಿಕೊಂಡವನ ಹಾಗೆ ಮುಖ ಮಾಡುತ್ತಿದ್ದ. ಯಾರದೋ ಒಂದು ಬಹಳ ದುಬಾರಿ ಸ್ಕೋಪ್ ಕಲ್ಲಿನ ಹಾಗೆ ನಿಂತಿತು. ಅಜ್ಜನ ಕಾಲದ್ದೊಂದು, ಅದರ ಬಗ್ಗೆ ಊರೆಲ್ಲ ಕತೆ ಹೇಳುತ್ತಿದ್ದರು, ಮೊದಲ ಏಟಿಗೇ ಅಡ್ಡದಾರಿ ಹಿಡಿಯಿತು. ಬೆಲೆಗೂ ವಯಸ್ಸಿಗೂ ಇಲ್ಲಿ ಮರ್ಯಾದೆ ಇಲ್ಲ. ನಿಂತದ್ದು ನಿಲ್ಲುತ್ತದೆ, ಜಾರಿದ್ದು ಜಾರುತ್ತದೆ. ಜಾರಿದವರು ಗೊಣಗಿಕೊಂಡು ಬೇರೆ ಸ್ಕೋಪ್ ಹುಡುಕಲು ಹೋದರು. ಮನುಷ್ಯರು ಮಾಡುವ ಕೆಲಸ ಅದು.

ಮರ್ಡೋ ಎಲ್ಲರ ಪರೀಕ್ಷೆ ಮುಗಿಯಲಿ ಎಂದು ಕಾದು ಕೊನೆಗೆ ಬಂದ. ಮೊದಲ ಮೂರು ಗುಂಡು ಒಂದು ಚಹಾ ಕಪ್ಪಿನ ಬಾಯಗಲದೊಳಗೆ, ಕಾಗದದ ನಟ್ಟನಡುವೆ. ನೋಡಿದವರು ಶಿಳ್ಳೆ ಹಾಕಿದರು. ಆಮೇಲೆ ಬಂದೂಕು ಬೀಳಿಸಲು ನನಗೆ ಕೊಡದೆ ತಾನೇ ಬಗ್ಗಿ ಮಗುವನ್ನು ಮಲಗಿಸಿದ ಹಾಗೆ ಚಾಪೆಯ ಮೇಲಿಟ್ಟ.

"ಬೀಳಿಸು ಅಂದ್ರೆ ಮಲಗಿಸ್ತಿದ್ದೀಯಲ್ಲೋ. ಜೋಗುಳ ಹಾಡ್ಲಾ?"

"ನಿಧಾನ ಮಾರಾಯ್ತಿ, ಇದು ನಿನ್ನ ಹಾರೆ ಗುದ್ದಲಿ ಅಲ್ಲ."

ಅವನ ಕೈಯಿಂದ ಕಿತ್ತುಕೊಂಡು ಬೀಳಿಸಿದೆ. ಎಡಕ್ಕೆ, ಬಲಕ್ಕೆ, ತಲೆಕೆಳಗಾಗಿ. ಮರ್ಡೋ ಓಡಿಬಂದು ಅಂಗಿಯ ತುದಿಯಿಂದ ಗಾಜು ಒರೆಸಿ ಎಲ್ಲರಿಗೂ ತೋರಿಸಿದ. "ನೋಡಿ, ಒಂದು ಗೀರು ಬಿದ್ದಿಲ್ಲ!" ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಆ ಜಟ್ಟಿಯೇ ಬಂದು ನಿಂತ ಹಾಗಿತ್ತು.

ಮತ್ತೆ ಮೂರು ಗುಂಡು ಹೊಡೆದ. ನಾನೂ ಅವನೂ ನಡೆದುಹೋಗಿ ಕಾಗದ ನೋಡಿದೆವು. ಮೂರೂ ತೂತು ಮತ್ತೆ ಕಪ್ಪಿನ ಬಾಯಗಲದೊಳಗೇ ಇದ್ದವು. ಆದರೆ ನಡುವಿನಿಂದ ಬಲಕ್ಕೆ ಒಂದು ಗೇಣು ಸರಿದಿದ್ದವು. ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಸ್ಕೋಪಿನ ಒಳಗೆ ಏನೋ ಅಲುಗಿ ಹೋಗಿದೆ, ಇನ್ನೊಮ್ಮೆ ಏಟು ಬಿದ್ದರೆ ಇನ್ನೆಲ್ಲಿಗೋ ಹೋಗುತ್ತದೆ, ಅಷ್ಟೇ.

ಮರ್ಡೋ ಒಂದು ತೂತಿಗೆ ಬೆರಳಿಟ್ಟ.

"ಕೈ ಅಲುಗಿತು" ಎಂದ.

"ಮೂರು ಸಲವೂ ಒಂದೇ ಜಾಗಕ್ಕಾ?"

"ಚೀಸ್ ರೋಲ್ ತಿಂದಿದ್ದೆ. ಬೆರಳಲ್ಲಿ ಬೆಣ್ಣೆ ಇತ್ತು."

ನನಗೆ ಇವನ ಮೇಲೆ ಸಿಟ್ಟು ಬರಲಿಲ್ಲ, ಹೇಸಿಗೆ ಬಂತು. ಅರವತ್ತು ದಾಟಿದ ಗಂಡಸು, ಮೊಮ್ಮಕ್ಕಳ ಅಜ್ಜ, ಒಂದು ಗಾಜಿನ ಕೊಳವೆಯ ಮಾನ ಉಳಿಸಲು ಬೆಣ್ಣೆಯ ಮೇಲೆ ತಪ್ಪು ಹೊರಿಸುತ್ತಿದ್ದ. ಅವನು ಮೇಜಿಗೆ ವಾಪಸು ಹೋಗಿ ಸ್ಕೋಪಿನ ಗುರಿ ಸರಿಸುವ ಗುಂಡಿಯನ್ನು ಟಿಕ್ ಟಿಕ್ ಎಂದು ತಿರುಗಿಸಿದ, ಇನ್ನೊಂದು ಗುಂಡು ಹೊಡೆದ. ನಟ್ಟನಡುವೆ ಬಿತ್ತು.

"ಆಯ್ತಲ್ಲ! ಗುರಿ ಕೂತ್ಕೊಂಡ್ತು. ಇನ್ನೇನು ನಿನ್ನ ರಗಳೆ?"

"ನಿಂತುಹೋದ ಗಡಿಯಾರದ ಮುಳ್ಳು ಬೆರಳಲ್ಲಿ ತಿರುಗಿಸಿದ್ರೆ ಗಡಿಯಾರ ರಿಪೇರಿ ಆಯ್ತಾ ಮರ್ಡೋ? ಇನ್ನೊಂದ್ಸಲ ಬೀಳಿಸ್ತೀನಿ ಕೊಡು."

"ಕೊಡಲ್ಲ. ಬೀಳಿಸ್ತಾನೇ ಇದ್ರೆ ಯಾವುದಾದ್ರೂ ಹಾಳಾಗುತ್ತೆ."

ಎಲ್ಲರೂ ಸುತ್ತ ಸೇರಿದ್ದರು. ಆಗ ನೆವಿಲ್ ಇಕ್ಕಳ ಎತ್ತಿ ಗಂಟಲು ಸರಿಪಡಿಸಿಕೊಂಡ. ನಮ್ಮ ಕಡೆಯವರಿಗೆ ಇದೊಂದು ಕಾಯಿಲೆ. ನಾಲ್ಕು ಜನ ಸೇರಿದರೆ ಸಂಘ, ಸಂಘವಾದರೆ ಠರಾವು, ಠರಾವಾದರೆ ಕೈಯೆತ್ತುವುದು. ಚಹಾಕ್ಕೆ ಯಾವ ಬಿಸ್ಕತ್ತು ಎಂಬುದಕ್ಕೂ ಕೈಯೆತ್ತುತ್ತಾರೆ.

"ನಾನೊಂದು ಠರಾವು ಮಂಡಿಸ್ತೀನಿ" ಎಂದ ನೆವಿಲ್. "ಆ ಮೂರು ಗುಂಡು ಮರ್ಡೋ ಕೈ ಅಲುಗಿ ಬಿದ್ದವು ಅಂತ ಸಂಘ ಪರಿಗಣಿಸಬೇಕು. ಅವನ ಬಂದೂಕು ಪಾಸು ಅಂತ ದಾಖಲಾಗಬೇಕು."

"ಅನುಮೋದಿಸೋರು?" ಎಂದು ಕೇಳಿದವನು ಅಧ್ಯಕ್ಷ. ಅಂದರೆ ಮರ್ಡೋನೇ!

ಯಾರೋ ಅನುಮೋದಿಸಿದರು. ಕೈಗಳು ಎದ್ದವು. ಕೆಲವು ಕೈಗಳಲ್ಲಿ ಸಾಸೇಜ್ ಇತ್ತು. ಮರ್ಡೋನ ಜತೆ ಪ್ರತಿವರ್ಷ ಒಂದೇ ಗುಡಾರದಲ್ಲಿ ಮಲಗುವ ರಾವಿರಿ ಕೈಯನ್ನು ಕಿವಿಯ ತನಕ ಮಾತ್ರ ಎತ್ತಿ ಕಿವಿ ತುರಿಸಿಕೊಂಡ. ಅದನ್ನೂ ಎಣಿಸಿಕೊಂಡರು. ವಿರೋಧವಾಗಿ ಎದ್ದದ್ದು ನನ್ನದೊಂದೇ ಕೈ. ಗುಂಡು ಎಲ್ಲಿ ಬಿತ್ತೆಂದು ನೋಡಲು ಕಾಗದ ಇದ್ದಾಗ, ಅದನ್ನು ಬಿಟ್ಟು ಬಹುಮತದಿಂದ ತೀರ್ಮಾನಿಸಿದ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದೇ ಜನ ಪಾರ್ಲಿಮೆಂಟಿನವರನ್ನು ಮೂರ್ಖರು ಎಂದು ಬೈಯುತ್ತಾರೆ.

"ಗುಂಡು ನಿಮ್ಮ ಸಂಘದ ಮೆಂಬರ್ ಅಲ್ಲ ಕಣ್ರೋ" ಎಂದೆ. "ನೀವು ಕೈಯೆತ್ತಿದ್ದು ಅದಕ್ಕೆ ಗೊತ್ತಾಗಲ್ಲ. ಈ ಬಂದೂಕಿನ ಹಿಂದೆ ನನ್ನ ನಾಯಿ ಬರಲ್ಲ. ಹೇಳಿದ್ದೀನಿ."

ಮರ್ಡೋ ನನ್ನ ಹೆಗಲು ತಟ್ಟಿದ. "ಬರ್ತೀಯ ಬಿಡು ಐಲ್ಸಾ. ನಿನ್ನ ಬಾಯಿ ಜೋರು, ಮನಸ್ಸು ಮೆತ್ತಗೆ."

ಅವನ ಕೈ ಬಿದ್ದ ಹೆಗಲನ್ನು ತೊಳೆದುಕೊಳ್ಳಬೇಕು ಅನ್ನಿಸಿತು.

ಏಪ್ರಿಲ್ ಬಂತು. ಗುಡ್ಡದ ಮೇಲಿನಿಂದ ಸಾರಂಗಗಳ ಕೂಗು ಹಿತ್ತಲಿನ ತನಕ ಕೇಳಿಸುತ್ತಿತ್ತು. ಒಂದು ಬೆಳಗ್ಗೆ ಟುಯಿಗೆ ಅನ್ನ ಹಾಕುತ್ತಿದ್ದಾಗ ಅಂಗಳದಲ್ಲಿ ಗಾಡಿ ನಿಂತಿತು. ಇಳಿದವರು ಮೂವರು. ಮುಂದೆ ಮರ್ಡೋ, ಅವನ ಹಿಂದೆ ನೆವಿಲ್, ಗಾಡಿಯ ಬಾಗಿಲು ಹಿಡಿದುಕೊಂಡೇ ನಿಂತ ರಾವಿರಿ. ಮೂವರ ಕಣ್ಣಿಗೂ ನಿದ್ದೆಯಿರಲಿಲ್ಲ. ಮರ್ಡೋ ಟೋಪಿ ತೆಗೆದ.

"ಒಳ್ಳೆ ಸಾರಂಗ ಐಲ್ಸಾ. ಒಳ್ಳೆ ಹೊಡೆತ. ಗುಂಡು ಒಂಚೂರು ಹಿಂದಕ್ಕೆ ಬಿತ್ತೇನೋ."

"ಯಾವಾಗ?"

"ನಿನ್ನೆ ಸಂಜೆ. ಟಾರ್ಚ್ ಹಾಕಿ ಹುಡುಕಿದ್ವಿ."

"ಬಂದೂಕು ಎಲ್ಲಾದ್ರೂ ಬಿದ್ದಿತ್ತಾ?"

"ಇಲ್ಲವೇ ಇಲ್ಲ."

ರಾವಿರಿ ನೆಲ ನೋಡುತ್ತ ಹೇಳಿದ, "ಬಿದ್ದಿಲ್ಲ. ಬೈಕ್ ಮೇಲಿಂದ ಜಾರಿ ಬಂಡೆಗೆ ತಗುಲ್ತು, ಅಷ್ಟೆ."

"ಅದಕ್ಕೆ ನಮ್ಮ ಮನೇಲಿ ಬೀಳೋದು ಅಂತಾರೆ ರಾವಿರಿ. ನಿಮ್ಮ ಸಂಘದಲ್ಲಿ ಏನಂತಾರೋ, ಕೈಯೆತ್ತಿ ನೋಡಿ."

ನೆವಿಲ್ ಮುಂದೆ ಬಂದ. "ಈಗ ಅದೆಲ್ಲ ಯಾಕೆ? ಠರಾವು ಪಾಸಾಗಿದೆ, ಬಂದೂಕು ಪಾಸಾಗಿದೆ. ನಿಯಮದ ಪ್ರಕಾರ ನೀನು ಬರಬೇಕು."

"ಠರಾವನ್ನೇ ಕರ್ಕೊಂಡು ಹೋಗು ನೆವಿಲ್. ಅವತ್ತು ಕೈಯೆತ್ತಿದವರನ್ನೆಲ್ಲ ಕರಿ, ಸಾಲಾಗಿ ನಾಲ್ಕು ಕಾಲಲ್ಲಿ ನಿಂತು ಮೂಸ್ಲಿ. ನೀನು ಮುಂದಿರು, ನಿನ್ನ ಮೂಗು ಚೆನ್ನಾಗಿದೆ, ಮರ್ಡೋ ಹಿಂದೆ ಮೂಸಿ ಮೂಸಿ ಪಳಗಿದೆ."

ಇಷ್ಟು ಹೇಳುವಾಗ ನನ್ನ ಕೈಗಳು ಏನು ಮಾಡುತ್ತಿದ್ದವು ಎಂದು ಅವರು ಮೂವರೂ ನೋಡುತ್ತಿದ್ದರು. ಕೈಗಳು ಬೂಟಿನ ದಾರ ಕಟ್ಟುತ್ತಿದ್ದವು. ಹೋಗದೆ ಇರಲು ನನ್ನಿಂದ ಆಗಲಿಲ್ಲ. ಕೊಟ್ಟ ಮಾತು ನನ್ನದು, ಹೊಟ್ಟೆಯಲ್ಲಿ ಗುಂಡು ಇಟ್ಟುಕೊಂಡು ರಾತ್ರಿ ಕಳೆದದ್ದು ಇನ್ಯಾವುದೋ ಪ್ರಾಣಿ. ಅದು ಯಾವ ಠರಾವಿಗೂ ಕೈಯೆತ್ತಿರಲಿಲ್ಲ. ತಲೆ ಎತ್ತಿದಾಗ ಮರ್ಡೋನ ತುಟಿಯ ಮೂಲೆಯಲ್ಲಿ ಒಂದು ನಗು ಇತ್ತು, 'ನನಗೆ ಗೊತ್ತಿತ್ತು' ಎನ್ನುವ ನಗು. ಜೀವನದಲ್ಲಿ ಯಾರನ್ನೂ ಅಷ್ಟು ಕೀಳಾಗಿ ಕಂಡವಳಲ್ಲ ನಾನು. ಅವನನ್ನು ಕಂಡೆ.

"ಬರ್ತೀನಿ" ಎಂದೆ. "ಆದರೆ ನನ್ನ ನಾಯಿ ಹಿಂದೆ ಒಂದೇ ಬಂದೂಕು ಬರೋದು, ಅದು ನಿಮಗೆ ಗೊತ್ತಿರೋ ಪದ್ಧತಿ. ನನ್ನದು ಮನೇಲಿರುತ್ತೆ. ಇವರಿಬ್ಬರದೂ ಗಾಡೀಲಿರಲಿ. ನಿಂದು ಮಾತ್ರ ಬರ್ಲಿ ಮರ್ಡೋ. ಆ ಸ್ಕೋಪ್ ಹಾಗೇ ಇರ್ಲಿ, ಮುಟ್ಟಬೇಡ. ಟುಯಿ ತೋರಿಸ್ತಾಳೆ, ಮುಗಿಸೋನು ನೀನು."

"ಅದಕ್ಕೇನಂತೆ" ಎಂದ. ನಗು ಇನ್ನೂ ಹೋಗಿರಲಿಲ್ಲ.

ಹೊಡೆದ ಜಾಗ ತೋರಿಸಿದರು. ಹುಲ್ಲಿನ ಬಯಲು ಕಾಡಿಗೆ ತಾಗುವ ಅಂಚು. ಇನ್ನೂರು ಮೀಟರ್ ಈಚೆಯಿಂದ ಭುಜಕ್ಕೆ ಗುರಿ ಇಟ್ಟಿದ್ದನಂತೆ. ಟುಯಿ ಹುಲ್ಲಿನಲ್ಲಿ ಮೂಗಿಟ್ಟು ನಿಂತಳು. ಬಗ್ಗಿ ನೋಡಿದೆ. ಒರಟು ಬೂದು ಕೂದಲು, ಸ್ವಲ್ಪ ರಕ್ತ, ರಕ್ತದ ಜತೆ ಅಗಿದ ಹುಲ್ಲಿನ ಹಸಿರು. ಭುಜದ ಕೂದಲಲ್ಲ, ಹೊಟ್ಟೆಯದು. ಆ ಹಸಿರನ್ನು ಬೆರಳಿನಲ್ಲಿ ತೆಗೆದು ಮರ್ಡೋನ ಮೂಗಿನ ಹತ್ತಿರ ಹಿಡಿದೆ.

"ಏನಿದು ಹೇಳು. ಬೆಣ್ಣೆನಾ?"

ಅವನು ಮುಖ ತಿರುಗಿಸಿದ.

ಟುಯಿ ಕಾಡಿನೊಳಗೆ ನುಗ್ಗಿದಳು. ಅವಳ ಕತ್ತಿನ ಉದ್ದನೆಯ ಹಗ್ಗ ಹಿಡಿದು ನಾನು, ನನ್ನ ಹಿಂದೆ ಮರ್ಡೋ, ಅವನ ಹಿಂದೆ ಇಬ್ಬರು. ಪಾಚಿ ಮುಚ್ಚಿದ ಮರದ ದಿಮ್ಮಿಗಳು, ಕಾಲಿಟ್ಟರೆ ಮೊಣಕಾಲ ತನಕ ಒಳಗೆಳೆಯುವ ಪೊಳ್ಳು ನೆಲ, ನಡುನಡುವೆ ಮುಳ್ಳಿನ ಬಳ್ಳಿ. ಆ ಬಳ್ಳಿಗೆ ನಮ್ಮಲ್ಲಿ ಲಾಯರ್ ಎಂದೇ ಹೆಸರು, ಒಮ್ಮೆ ಹಿಡಿದರೆ ಚರ್ಮ ಕೊಡದೆ ಬಿಡಿಸಿಕೊಳ್ಳುವುದಕ್ಕಾಗದು. ನೆವಿಲ್‌ನ ಕಿವಿಗೆ ಅದು ಸಿಕ್ಕಿತು.

"ಅಯ್ಯಯ್ಯೋ! ನಿಲ್ಲಿ ನಿಲ್ಲಿ!"

"ಠರಾವು ಮಂಡಿಸು" ಎಂದೆ, ನಿಲ್ಲಲಿಲ್ಲ.

ಸ್ವಲ್ಪ ದೂರದಲ್ಲಿ ಜರೀಗಿಡಗಳ ನಡುವೆ ಸಾರಂಗ ಮಲಗಿದ್ದ ಜಾಗ ಸಿಕ್ಕಿತು. ಮೈಯ ಅಳತೆಗೆ ಗಿಡಗಳು ಚಪ್ಪಟೆಯಾಗಿದ್ದವು, ನಡುವೆ ಕಪ್ಪಗೆ ಒಣಗಿದ ರಕ್ತ. ಎದ್ದು ಹೋಗಿತ್ತು. ಇನ್ನೊಂದು ಹಳ್ಳ ಇಳಿದು ಹತ್ತಿದರೆ ಮತ್ತೊಂದು ಜಾಗ. ಅಲ್ಲಿ ನೆಲವನ್ನು ಗೊರಸಿನಿಂದ ಕೆರೆದು ಮಣ್ಣು ಎಬ್ಬಿಸಿತ್ತು. ಅದರಾಚೆ ಇನ್ನೊಂದು. ನೋವು ತಡೆಯಲಾರದೆ ಮಲಗಿ, ಮಲಗಲಾರದೆ ಎದ್ದು, ರಾತ್ರಿಯೆಲ್ಲ ಹೀಗೇ ನಡೆದಿತ್ತು. ಒಂದೊಂದು ಜಾಗದಲ್ಲೂ ನಾನು ನಿಂತು, ಮರ್ಡೋ ಬಂದು ನೋಡುವ ತನಕ ಮುಂದೆ ಹೋಗಲಿಲ್ಲ. ಮೊದಲ ಸಲ ಅವನು "ಹೂಂ, ಹತ್ತಿರ ಇದೆ" ಎಂದ. ಎರಡನೆಯ ಸಲ ಬಂದೂಕನ್ನು ಇನ್ನೊಂದು ಹೆಗಲಿಗೆ ಬದಲಿಸಿದ. ಮೂರನೆಯದರಲ್ಲಿ ಕೂತು ಮಣ್ಣನ್ನು ಮುಟ್ಟಿದ.

"ಇದು ಯಾರ ತಪ್ಪೂ ಅಲ್ಲ ಕಣೋ" ಎಂದ ನೆವಿಲ್ ಹಿಂದಿನಿಂದ. "ಬೇಟೆ ಅಂದ್ಮೇಲೆ ನೂರಕ್ಕೆ ಇಷ್ಟು ಅಂತ ಇರುತ್ತೆ."

"ಬಾಯ್ಮುಚ್ಚು ನೆವಿಲ್" ಎಂದವನು ರಾವಿರಿ. ಆ ದಿನ ಅವನು ಆಡಿದ ಎರಡನೆಯ ಮಾತು ಅದು. ಅವನ ಬಗ್ಗೆ ನನಗಿದ್ದ ತಾತ್ಸಾರ ಒಂದು ಗುಂಜಿಯಷ್ಟು ಕಡಿಮೆಯಾಯಿತು, ಅದಕ್ಕಿಂತ ಹೆಚ್ಚಿಲ್ಲ. ಕಿವಿಯ ತನಕ ಎದ್ದ ಕೈಯನ್ನು ನಾನು ಮರೆತಿರಲಿಲ್ಲ.

ಹೊಟ್ಟೆಗೆ ಗುಂಡು ಬಿದ್ದ ಪ್ರಾಣಿ ನೀರಿಗೆ ಹೋಗುತ್ತದೆ. ಟುಯಿ ನಮ್ಮನ್ನು ಹೊಳೆಗೇ ಕರೆದೊಯ್ದಳು. ಕಾಡಿನಂಚಿನಲ್ಲಿ ಒಂದು ಕಾಲು ಎತ್ತಿ, ಬಾಲ ನೆಟ್ಟಗೆ ಮಾಡಿ ಕಲ್ಲಾದಳು. ಹೊಳೆಯ ಆಚೆ, ಜಲ್ಲಿಯ ದಡದಲ್ಲಿ ಸಾರಂಗ ಮಲಗಿತ್ತು. ಹಿಂಗಾಲು ನೀರಿನಲ್ಲಿ, ತಲೆ ಮೇಲೆತ್ತಿತ್ತು. ಬದುಕಿತ್ತು. ಗಾಳಿ ನಮ್ಮ ಕಡೆಗೆ ಬೀಸುತ್ತಿದ್ದುದರಿಂದ ನಮ್ಮ ವಾಸನೆ ಅದಕ್ಕೆ ಸಿಕ್ಕಿರಲಿಲ್ಲ. ಅದರ ಬೆನ್ನಿಗೇ ಕಮರಿ. ಗುಂಡು ತಪ್ಪಿತೋ, ಇದ್ದಬದ್ದ ಜೀವದಲ್ಲಿ ಎದ್ದು ಅದರೊಳಗೆ ಉರುಳಿದರೆ ನಾಯಿಯೂ ಹೋಗಲಾರದು, ಮನುಷ್ಯನೂ ಹೋಗಲಾರ. ಅಲ್ಲಿ ಇನ್ನೆಷ್ಟು ದಿನ ಬಿದ್ದಿರಬೇಕೋ.

"ಹೊಡಿ" ಎಂದೆ ಮೆಲ್ಲಗೆ.

ಎಂಬತ್ತು ಹೆಜ್ಜೆ ಇದ್ದರೆ ಹೆಚ್ಚು. ಮರ್ಡೋ ಕಲ್ಲುಗಳ ಮೇಲೆ ಬೋರಲಾಗಿ ಮಲಗಿ, ಬೆನ್ನಿನ ಚೀಲದ ಮೇಲೆ ಬಂದೂಕಿಟ್ಟು ಸ್ಕೋಪಿಗೆ ಕಣ್ಣು ಹಚ್ಚಿದ. ಅಷ್ಟು ಹತ್ತಿರದಿಂದ ಆ ದುಬಾರಿ ಗಾಜಿನಲ್ಲಿ ಸಾರಂಗದ ರೆಪ್ಪೆಗೂದಲು ಕೂಡ ಕಂಡಿರಬೇಕು. ನಾನು ಕಾದೆ. ಗುಂಡು ಹಾರಲಿಲ್ಲ. ಅವನ ಬೆರಳು ಬಂದೂಕಿನ ಕುದುರೆಯ ಮೇಲೆ ಹೋಯಿತು, ವಾಪಸು ಬಂತು. ಮತ್ತೆ ಹೋಯಿತು, ಮತ್ತೆ ಬಂತು.

"ಹೊಡಿಯೋ" ಎಂದು ಪಿಸುಗುಟ್ಟಿದ ನೆವಿಲ್. "ನಿಂದು ನಟ್ಟನಡುವೆ ಹೋಗುತ್ತೆ, ನಾವೆಲ್ಲ ನೋಡಿದ್ದೀವಲ್ಲ."

ಮರ್ಡೋ ಸ್ಕೋಪಿನಿಂದ ಕಣ್ಣು ತೆಗೆದ.

"ಎಲ್ಲಿಗೆ ಹೋಗುತ್ತೋ ನನಗೆ ಗೊತ್ತಿಲ್ಲ" ಎಂದ.

ಈ ಒಂದು ಮಾತನ್ನು ಇವರ ಬಾಯಿಂದ ಕೇಳಬೇಕೆಂದು ನಾನು ಎಷ್ಟು ವರ್ಷದಿಂದ ಹಂಬಲಿಸಿದ್ದೆ! ಕೇಳಿದ ದಿನ ಕುಣಿದಾಡುತ್ತೇನೆ ಎಂದುಕೊಂಡಿದ್ದೆ. ಕೇಳಿದಾಗ ಆಚೆ ದಡದಲ್ಲಿ ಸಾರಂಗದ ಪಕ್ಕೆ ಏರಿಳಿಯುವುದು ಕಾಣುತ್ತಿತ್ತು. ಕುಣಿಯುವ ಮನಸ್ಸಾಗಲಿಲ್ಲ. ಕುರಿ ಬಯಲಿನಲ್ಲಿ, ಕಾಗದದ ಮುಂದೆ ನಿಂತು ಹೇಳಬೇಕಾಗಿದ್ದ ಮಾತನ್ನು ಇವನು ಇಲ್ಲಿ ತಂದು ಹೇಳಿದನಲ್ಲ ಎಂದು ಇನ್ನಷ್ಟು ಹೇಸಿಗೆಯಾಯಿತು.

"ಗೊತ್ತಿಲ್ಲ ಅಂದ್ರೆ ಹತ್ತಿರ ಹೋಗು" ಎಂದೆ. "ತಪ್ಪೋಕೆ ಜಾಗ ಇಲ್ಲದಷ್ಟು ಹತ್ತಿರ."

ಅವನು ನನ್ನ ಮುಖ ನೋಡಿದ. ನಾನು ಬೇರೇನಾದರೂ ಹೇಳುತ್ತೇನೆಂದು ಕಾದನೇನೋ. ಆಮೇಲೆ ಎದ್ದು ಹೊಳೆಗೆ ಇಳಿದ. ಬೆಟ್ಟದ ನೀರು, ತೊಡೆಯ ತನಕ ಬಂತು. ಕಲ್ಲು ಜಾರಿ ಒಮ್ಮೆ ಮುಗ್ಗರಿಸಿದ. ಬಂದೂಕು ಬಂಡೆಗೆ ಬಡಿದ ಸದ್ದು ಈಚೆ ದಡಕ್ಕೂ ಕೇಳಿಸಿತು. ಸಾರಂಗ ಅವನನ್ನು ಕಂಡಿತು. ಮುಂಗಾಲು ಊರಿ ಎದ್ದಿತು, ಹಿಂಗಾಲು ಏಳಲಿಲ್ಲ. ಇನ್ನೊಮ್ಮೆ ಎದ್ದಿತು, ಕುಸಿಯಿತು. ಆಮೇಲೆ ಎದ್ದೇಳುವುದನ್ನು ಬಿಟ್ಟು ಅವನು ಬರುವುದನ್ನೇ ನೋಡುತ್ತ ಉಳಿಯಿತು. ನಾನು ಟುಯಿಯ ಹಗ್ಗವನ್ನು ಎರಡು ಸುತ್ತು ಕೈಗೆ ಸುತ್ತಿ ಹಿಡಿದೆ.

ಎರಡು ಹೆಜ್ಜೆ ದೂರದಲ್ಲಿ ಅವನು ನಿಂತ. ಅಷ್ಟು ಹತ್ತಿರದಲ್ಲಿ ಸ್ಕೋಪಿನೊಳಗೆ ಮಬ್ಬು ಬಿಟ್ಟು ಏನೂ ಕಾಣುವುದಿಲ್ಲ. ಬಂದೂಕನ್ನು ಸೊಂಟದ ಹತ್ತಿರ ಹಿಡಿದು, ಬರಿಗಣ್ಣಿನಿಂದ ನೋಡಿ, ಕಿವಿಯ ಹಿಂಭಾಗಕ್ಕೆ ನಳಿಗೆಯ ತುದಿ ಚಾಚಿದ. ಗುಂಡಿನ ಸದ್ದು ಕಮರಿಗೆ ಬಡಿದು ವಾಪಸು ಬಂತು. ಸಾರಂಗದ ತಲೆ ಜಲ್ಲಿಯ ಮೇಲೆ ಇಳಿಯಿತು.

"ಕೊಂಬು ನೋಡೋ, ಹದಿನಾಲ್ಕು ಕವಲಿದೆ!" ಎಂದು ನೆವಿಲ್ ಈಚೆಯಿಂದ ಕೂಗಿದ.

ನಾನು ಟುಯಿಯನ್ನು ರಾವಿರಿಯ ಕೈಗೆ ಕೊಟ್ಟು ಹೊಳೆ ದಾಟಿದೆ. ಮರ್ಡೋ ನಿಂತಲ್ಲೇ ನಿಂತಿದ್ದ. ಪ್ಯಾಂಟಿನಿಂದ ನೀರು ಸುರಿಯುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಕೊಂಬಿನ ಕಡೆ ಅವನ ಕಣ್ಣು ಹೋಗಿರಲಿಲ್ಲ.

"ಐಲ್ಸಾ" ಎಂದ. "ಅದು ನನ್ನನ್ನೇ ನೋಡ್ತಾ ಇತ್ತು."

"ನಿನ್ನೆ ಸಂಜೆಯಿಂದ ನಿನ್ನ ದಾರಿ ಕಾಯ್ತಾ ಇತ್ತು ಮರ್ಡೋ."

ಅವನು ಜಲ್ಲಿಯ ಮೇಲೆ ಕೂತುಬಿಟ್ಟ. ಎಬ್ಬಿಸಲು ನಾನು ಕೈ ಕೊಡಲಿಲ್ಲ.